ಕ್ವಾಡ್ರಿಪ್ಲೀಜಿಯಾ ಇರುವವರ ಪ್ರಯಾಣ ಮತ್ತು ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕತ್ತಿನ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳ ಸ್ವಾಧೀನ ಪೂರ್ತಿಯಾಗಿಯೋ ಅರೆಬರೆಯಾಗಿಯೋ ತಪ್ಪಿದವರಿಗೆ, ಅವರ ಜೊತೆ ಹೊರಡುವವರಿಗೆ ಈ ಪುಟ. ಯಾವ ಔಷಧ ಎಷ್ಟು, ದೇಹ ಪ್ರಯಾಣಕ್ಕೆ ಸಿದ್ಧವಿದೆಯೇ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಉಳಿದದ್ದರಲ್ಲಿ ಹೆಚ್ಚಿನ ಕೆಲಸ ಅಳತೆ ಟೇಪಿನದು, ಫೋನಿನದು, ಗಡಿಯಾರದ್ದು.

ಮೊದಲ ಪ್ರವಾಸ ಎಷ್ಟು ದಿನದ್ದಿರಬೇಕು?

ಎರಡು ರಾತ್ರಿ, ರಸ್ತೆ ಮೂಲಕ, ಏನಾದರೂ ಎಡವಟ್ಟಾದರೆ ಮೂರು ಗಂಟೆಯೊಳಗೆ ಮನೆ ಸೇರುವಷ್ಟು ದೂರ. ವಿಮಾನ ಆಮೇಲೆ ನೋಡೋಣ. ಒಂದೇ ರಾತ್ರಿ ಸಾಲದು. ಮಲವಿಸರ್ಜನೆಯ ದಿನಚರಿ ಅನೇಕರಿಗೆ ದಿನ ಬಿಟ್ಟು ದಿನ ಇರುತ್ತದೆ, ಹೊಸ ಬಚ್ಚಲಿನಲ್ಲಿ ಅದು ಹೇಗೆ ನಡೆಯುತ್ತದೆ ಎಂಬುದು ತಿಳಿಯದೆ ಉದ್ದದ ಪ್ರವಾಸಕ್ಕೆ ಟಿಕೆಟ್ ತೆಗೆಯಬಾರದು.

ಹೊರಡುವ ವಾರ ಮೊದಲು ಮನೆಯಲ್ಲೇ ಒಂದು ತಾಲೀಮು ಮಾಡಿ. ಒಯ್ಯಲಿರುವ ಸಾಮಾನನ್ನೆಲ್ಲ ಬ್ಯಾಗಿಗೆ ತುಂಬಿ, ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆವರೆಗೆ ಆ ಬ್ಯಾಗಿನಲ್ಲಿರುವುದರಲ್ಲೇ ಕಳೆಯಿರಿ. ಬೀರುವಿಗೆ ಕೈ ಹಾಕಬೇಕಾಗಿ ಬಂದಾಗಲೆಲ್ಲ ಆ ವಸ್ತುವಿನ ಹೆಸರು ಬರೆದಿಟ್ಟುಕೊಳ್ಳಿ. ಸಿದ್ಧ ಪಟ್ಟಿಗಳಿಗಿಂತ ಈ ಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೋಟೆಲ್‌ನವರು "ವೀಲ್‌ಚೇರ್‌ಗೆ ಅನುಕೂಲವಿದೆ" ಅನ್ನುತ್ತಾರೆ. ನಂಬಬಹುದೇ?

ಆ ಮಾತು ಹೇಳುವವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಮಡಚುವ ವೀಲ್‌ಚೇರ್, ನಾಲ್ಕು ಹೆಜ್ಜೆ ಎದ್ದು ನಡೆಯಬಲ್ಲ ವ್ಯಕ್ತಿ. "ಅನುಕೂಲವಿದೆಯೇ" ಎಂದು ಕೇಳಬೇಡಿ. ಎಷ್ಟು ಸೆಂಟಿಮೀಟರ್ ಎಂದು ಕೇಳಿ, ಟೇಪ್ ಹಿಡಿದು ತೆಗೆದ ಫೋಟೋ ಕಳಿಸಲು ಹೇಳಿ.

ಬಾಗಿಲನ್ನು ಪೂರ್ತಿ ತೆರೆದಾಗ ಸಿಗುವ ಅಗಲ ಬೇಕು, ಚೌಕಟ್ಟಿನ ಅಗಲವಲ್ಲ, 80 ಸೆಂ.ಮೀ. ಕನಿಷ್ಠ, 90 ಇದ್ದರೆ ನೆಮ್ಮದಿ. ಬಚ್ಚಲಿನ ಬಾಗಿಲು ಕೋಣೆಯದಕ್ಕಿಂತ ಕಿರಿದಾಗಿರುವುದು ಮಾಮೂಲು, ಅದನ್ನು ಬೇರೆಯಾಗಿ ಕೇಳಿ. ಪವರ್ ವೀಲ್‌ಚೇರ್ ತಿರುಗಲು ಸುಮಾರು 150 ಸೆಂ.ಮೀ. ಅಗಲದ ಖಾಲಿ ಜಾಗ ಬೇಕು. ಲಿಫ್ಟಿನ ಒಳಗಿನ ಆಳವನ್ನು ನಿಮ್ಮ ಕಾಲು ಚಾಚಿದ ಉದ್ದಕ್ಕೆ ಹೋಲಿಸಿ. ಮುಂಬಾಗಿಲಲ್ಲಿ "ಒಂದೇ ಒಂದು ಮೆಟ್ಟಿಲು" ಇದ್ದರೂ ಅದು ಮೆಟ್ಟಿಲೇ. 15 ಸೆಂ.ಮೀ. ಎತ್ತರಕ್ಕೆ 1:12 ಇಳಿಜಾರಿನಲ್ಲಿ 1.8 ಮೀಟರ್ ಉದ್ದದ ರ‍್ಯಾಂಪ್ ಬೇಕಾಗುತ್ತದೆ. ಆ ರ‍್ಯಾಂಪ್ ಕುರ್ಚಿಯ ತೂಕ, ನಿಮ್ಮ ತೂಕ, ಹಿಂದಿನಿಂದ ತಳ್ಳುವವರ ತೂಕ ಮೂರನ್ನೂ ತಡೆಯಬೇಕು.

ಎಲ್ಲರೂ ಮರೆಯುವುದು ಮಂಚದ ಅಡಿ. ಪೇಷೆಂಟ್ ಲಿಫ್ಟ್ (ಜೋಲಿಯಲ್ಲಿ ಕೂರಿಸಿ ಎತ್ತುವ ಯಂತ್ರ) ಬಳಸುವವರಾದರೆ ಅದರ ಕಾಲುಗಳು ಮಂಚದ ಕೆಳಗೆ ನುಸುಳಬೇಕು, ಅದಕ್ಕೆ 12ರಿಂದ 15 ಸೆಂ.ಮೀ. ಖಾಲಿ ಇರಬೇಕು. ಈಗಿನ ಎಷ್ಟೋ ಹೋಟೆಲ್ ಮಂಚಗಳು ನೆಲದವರೆಗೂ ಮುಚ್ಚಿದ ಪೆಟ್ಟಿಗೆಗಳು. ಲಿಫ್ಟ್ ಅಂಚಿಗೆ ಬಂದು ನಿಲ್ಲುತ್ತದೆ, ಸ್ಲಿಂಗ್‌ನಲ್ಲಿ ನೇತಾಡುತ್ತಿರುವ ನೀವು ಹಾಸಿಗೆಯ ಅಂಚಿನಾಚೆ ಉಳಿಯುತ್ತೀರಿ. ಮಂಚವನ್ನು ಗಟ್ಟಿ ಮರದ ದಿಮ್ಮಿಗಳ ಮೇಲೆ ಎತ್ತರಿಸಿ ಕೊಡುತ್ತಾರೆಯೇ ಎಂದು ಕಾಯ್ದಿರಿಸುವ ಮೊದಲೇ ಕೇಳಿ. ಸ್ಲೈಡಿಂಗ್ ಬೋರ್ಡ್ (ಕುರ್ಚಿಯಿಂದ ಹಾಸಿಗೆಗೆ ಜಾರಿಸುವ ಹಲಗೆ) ಬಳಸುವವರಿಗೆ ಹಾಸಿಗೆಯ ಮೇಲ್ಮೈ ಕುರ್ಚಿಯ ಕುಶನ್‌ನ ಮಟ್ಟಕ್ಕೆ ಹತ್ತಿರವಿರಬೇಕು. ಹತ್ತು ಸೆಂ.ಮೀ. ಹೆಚ್ಚಿದ್ದರೂ ಏರಿಕೆಯ ಕಡೆಗೆ ಎಳೆಯಬೇಕಾಗುತ್ತದೆ, ಚರ್ಮ ಉಜ್ಜುತ್ತದೆ.

ಒಪ್ಪಿಗೆಯಾದ ಮೇಲೆ ಕೋಣೆಯ ಸಂಖ್ಯೆಯನ್ನೇ ಬರಹದಲ್ಲಿ ಪಡೆಯಿರಿ. "ಅದೇ ತರಹದ ಇನ್ನೊಂದು ಕೋಣೆ" ಎಂಬುದು ಸಂಜೆ ಏಳು ಗಂಟೆಗೆ ಕೌಂಟರಿನಲ್ಲಿ ಕೇಳಬಾರದ ಮಾತು.

ಸ್ನಾನ ಹೇಗೆ?

ಹೊಸ್ತಿಲಿಲ್ಲದ ಶವರ್, ಬೆನ್ನಿಗೆ ಆಸರೆಯಿರುವ ಶವರ್ ಕುರ್ಚಿ ಎರಡೂ ಇದ್ದರೆ ಸರಿ. ಗೋಡೆಗೆ ಜೋಡಿಸಿದ ಮಡಚುವ ಹಲಗೆ ಮುಂಡದ ಹಿಡಿತವಿಲ್ಲದವರಿಗೆ ಪ್ರಯೋಜನವಿಲ್ಲ. ಸಿಗದಿದ್ದರೆ ಹಾಸಿಗೆಯಲ್ಲೇ ಒರೆಸಿಕೊಳ್ಳುವುದು ಜಾಣತನ. ಮೂರು ದಿನ ಶವರ್ ಇಲ್ಲದೆ ಯಾರಿಗೂ ಏನೂ ಆಗುವುದಿಲ್ಲ. ನೀರಿನ ಬಿಸಿಯನ್ನು ಜೊತೆಯವರು ತಮ್ಮ ಮಣಿಕಟ್ಟಿನ ಒಳಭಾಗದಿಂದ ನೋಡಲಿ, ಥರ್ಮಾಮೀಟರ್ ಇದ್ದರೆ 38 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು. ಬೇರೆ ಕಟ್ಟಡದ ಗೀಸರ್ ಯಾವಾಗ ಏಕಾಏಕಿ ಕುದಿನೀರು ಬಿಡುತ್ತದೋ ಹೇಳಲಾಗದು, ಸ್ಪರ್ಶಜ್ಞಾನವಿಲ್ಲದ ಕಾಲು ಸುಟ್ಟದ್ದು ಸಂಜೆ ಸಾಕ್ಸ್ ತೆಗೆಯುವಾಗಲಷ್ಟೇ ಕಾಣುತ್ತದೆ.

ಪವರ್ ವೀಲ್‌ಚೇರ್ ಒಯ್ಯಬೇಕೋ, ಕೈಯಿಂದ ತಳ್ಳುವುದು ಸಾಕೋ?

ನೀವೇ ಓಡಿಸುವವರಾದರೆ ಪವರ್ ಕುರ್ಚಿಯನ್ನೇ ಒಯ್ಯಿರಿ. ಹಗುರವೆಂದು ತಳ್ಳುವ ಕುರ್ಚಿ ಹಿಡಿದರೆ ಎಲ್ಲಿಗೆ ಹೋಗಬೇಕು, ಯಾವುದನ್ನು ಎಷ್ಟು ಹೊತ್ತು ನೋಡಬೇಕು ಎಂಬುದೆಲ್ಲ ತಳ್ಳುವವರ ಕೈಗೆ ಹೋಗುತ್ತದೆ. ಹಿಂದಕ್ಕೆ ವಾಲಿ ಒತ್ತಡ ಇಳಿಸಿಕೊಳ್ಳುವ ಸೌಲಭ್ಯವೂ ಇರುವುದಿಲ್ಲ. ಕಿರಿದಾದ ಹಳೆಯ ಕಟ್ಟಡಗಳು, ಮೆಟ್ಟಿಲುಗಳು, ಸಣ್ಣ ಟ್ಯಾಕ್ಸಿಗಳೇ ಇರುವ ಊರಾದರೆ ಮಾತ್ರ ತಳ್ಳುವ ಕುರ್ಚಿ ವಾಸಿ. ಬಾಡಿಗೆ ಕುರ್ಚಿಯಾದರೂ ಕುಶನ್ ಮಾತ್ರ ನಿಮ್ಮದೇ ಇರಲಿ.

ಚಾರ್ಜರ್ ಬೇರೆ ದೇಶದಲ್ಲಿ ನಡೆಯುತ್ತದೆಯೇ?

ಚಾರ್ಜರ್ ಮೇಲಿನ ಚೀಟಿ ಓದಿ. "100–240 ವೋಲ್ಟ್" ಎಂದಿದ್ದರೆ ಪ್ಲಗ್ ಅಡಾಪ್ಟರ್ ಸಾಕು. ಒಂದೇ ವೋಲ್ಟೇಜ್ ಬರೆದಿದ್ದರೆ ಅಡಾಪ್ಟರ್‌ನಿಂದ ಏನೂ ಆಗದು, ಅದು ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. 115/230 ಎಂದು ಬದಲಿಸುವ ಸ್ವಿಚ್ ಇರುವ ಚಾರ್ಜರ್‌ಗಳಲ್ಲಿ ಸ್ವಿಚ್ ನೋಡದೆ ಚುಚ್ಚಿದರೆ ಮೊದಲ ರಾತ್ರಿಯೇ ಸುಟ್ಟುಹೋಗಬಹುದು.

ವಿಮಾನದ ಟಿಕೆಟ್ ಮಾಡುವಾಗ ಏನು ಹೇಳಬೇಕು?

ಫೋನ್ ಮಾಡಿ ಹೇಳಿ, ಕನಿಷ್ಠ 48 ಗಂಟೆ ಮೊದಲು. ವಾರ ಮೊದಲಾದರೆ ಇನ್ನೂ ಒಳ್ಳೆಯದು. ವಿಮಾನಯಾನದವರ ಭಾಷೆಯಲ್ಲಿ ನಿಮ್ಮ ಸಂಕೇತ ಡಬ್ಲ್ಯುಸಿಎಚ್‌ಸಿ, ಅಂದರೆ ಸೀಟಿನವರೆಗೂ ಎತ್ತಿ ಕೂರಿಸಬೇಕಾದವರು. ಬರಿದೆ "ವೀಲ್‌ಚೇರ್ ಬೇಕು" ಎಂದರೆ ಡಬ್ಲ್ಯುಸಿಎಚ್‌ಆರ್ ಎಂದು ಬರೆದುಕೊಳ್ಳುತ್ತಾರೆ. ಅದು ದೂರ ನಡೆಯಲಾಗದವರ ಸಂಕೇತ, ಎತ್ತುವ ಸಿಬ್ಬಂದಿಯೇ ಬರುವುದಿಲ್ಲ. ಕುರ್ಚಿಯ ಬ್ಯಾಟರಿ ಯಾವ ಬಗೆ, ಒಟ್ಟು ತೂಕ, ಬೆನ್ನೊರಗು ಮಡಚಿದ ಮೇಲಿನ ಎತ್ತರ ಇವನ್ನೂ ಹೇಳಿ.

ಎತ್ತರ ಯಾಕೆಂದರೆ, ಸರಕು ಬಾಗಿಲು ವಿಮಾನದಿಂದ ವಿಮಾನಕ್ಕೆ ಬೇರೆ. ಬೋಯಿಂಗ್ 737ರದು 90 ಸೆಂ.ಮೀ.ಗಿಂತ ಕಡಿಮೆ, ಏರ್‌ಬಸ್ ಎ320ರದು ಸುಮಾರು 120. ಬಾಗಿಲಿಗಿಂತ ಎತ್ತರದ ಕುರ್ಚಿಯನ್ನು ಪಕ್ಕಕ್ಕೆ ಮಲಗಿಸಿ ತುರುಕುತ್ತಾರೆ, ಜಾಯ್‌ಸ್ಟಿಕ್ ಮುರಿಯುವುದು ಆಗಲೇ. ಹೊತ್ತು ಅನುಕೂಲವಾಗಿದೆಯೆಂದು ವಿಮಾನ ಆರಿಸುವುದಕ್ಕಿಂತ ಬಾಗಿಲ ಎತ್ತರ ನೋಡಿ ಆರಿಸುವುದು ಮೇಲು.

ಬ್ಯಾಟರಿಯ ನಿಯಮ ಏನು?

ಸೋರದ ಜೆಲ್ ಅಥವಾ ಎಜಿಎಂ ಬ್ಯಾಟರಿ ಕುರ್ಚಿಯಲ್ಲೇ ಭದ್ರವಾಗಿ ಇದ್ದರೆ ಸಾಮಾನ್ಯವಾಗಿ ಅಲ್ಲೇ ಬಿಡುತ್ತಾರೆ. ಬಿಚ್ಚಿ ತೆಗೆಯುವಂಥ ಲಿಥಿಯಂ ಬ್ಯಾಟರಿಯನ್ನು ಕ್ಯಾಬಿನ್‌ಗೆ ಒಯ್ಯಬೇಕು, ಅದರ ಮಿತಿ 300 ವ್ಯಾಟ್-ಅವರ್. ಹೆಚ್ಚುವರಿಯಾಗಿ 300ರ ಒಂದು ಅಥವಾ 160ರ ಎರಡು ಒಯ್ಯಬಹುದು. ಲೆಕ್ಕ ಸುಲಭ: ವೋಲ್ಟ್ ಗುಣಿಸು ಆಂಪಿಯರ್-ಅವರ್. 24 ವೋಲ್ಟ್, 12 ಆಂಪಿಯರ್-ಅವರ್ ಅಂದರೆ 288, ಮಿತಿಯೊಳಗೆ. ಬ್ಯಾಟರಿಯ ವಿವರವಿರುವ ಕೈಪಿಡಿ ಪುಟದ ಪ್ರತಿ ಜೇಬಿನಲ್ಲಿರಲಿ. ಕೌಂಟರಿನಲ್ಲಿ ಒಪ್ಪಿದವರು ಒಬ್ಬರು, ವಿಮಾನದ ಬಾಗಿಲಲ್ಲಿ ಕೇಳುವವರು ಇನ್ನೊಬ್ಬರು.

ಕುರ್ಚಿಯನ್ನು ಸರಕಿಗೆ ಒಪ್ಪಿಸುವ ಮೊದಲು ಏನೇನು ಮಾಡಬೇಕು?

ಕಳಚಬಹುದಾದದ್ದನ್ನೆಲ್ಲ ಕಳಚಿ ಬ್ಯಾಗಿಗೆ ಹಾಕಿ: ತಲೆಯೊರಗು, ಪಕ್ಕದ ಆಸರೆಗಳು, ಕುಶನ್, ಸಾಧ್ಯವಾದರೆ ಜಾಯ್‌ಸ್ಟಿಕ್ ಅಥವಾ ಗದ್ದದ ಕಂಟ್ರೋಲ್. ಕಳಚಲಾಗದ ಜಾಯ್‌ಸ್ಟಿಕ್ಕನ್ನು ಒಳಕ್ಕೆ ತಿರುಗಿಸಿ, ಸ್ಪಂಜು ಸುತ್ತಿ, ಗಟ್ಟಿ ಡಬ್ಬಿಯೊಂದನ್ನು ಕವುಚಿ ಟೇಪ್ ಹಾಕಿ. ಕೇಬಲ್ ಬಿಚ್ಚಿದರೆ ದಾರಿಯಲ್ಲಿ ತಾನೇ ಚಾಲೂ ಆಗುವ ಭಯವೂ ಇಲ್ಲ. ಆಮೇಲೆ ಒಂದು ಹಾಳೆ ಅಂಟಿಸಿ: ಫ್ರೀವೀಲ್ ಲಿವರ್ ಎಲ್ಲಿದೆ, ಯಾವ ಕಡೆ ತಿರುಗಿಸಿದರೆ ಚಕ್ರ ಬಿಡುತ್ತದೆ, ಎಲ್ಲಿ ಹಿಡಿದು ಎತ್ತಬೇಕು, ಎಲ್ಲಿ ಹಿಡಿಯಬಾರದು, ತೂಕ ಎಷ್ಟು. ಬರಹಕ್ಕಿಂತ ಬಾಣ ಗುರುತು ಹಾಕಿದ ಫೋಟೋ ಉತ್ತಮ, ಅದನ್ನು ಓದುವವರಿಗೆ ನಿಮ್ಮ ಭಾಷೆ ಬರದಿರಬಹುದು. ಲಿವರ್ ಗೊತ್ತಾಗದವರು ಬ್ರೇಕ್ ಬಿದ್ದ ಕುರ್ಚಿಯನ್ನು ದರದರ ಎಳೆಯುತ್ತಾರೆ.

ಒಪ್ಪಿಸುವ ಕ್ಷಣದಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಕುರ್ಚಿಯನ್ನು ವಿಮಾನದ ಬಾಗಿಲಿಗೇ ತಂದುಕೊಡಬೇಕೆಂದು ಚೀಟಿಯಲ್ಲಿ ಬರೆಸಿ, ಇಳಿಯುವ ಅರ್ಧ ಗಂಟೆ ಮೊದಲು ಸಿಬ್ಬಂದಿಗೆ ನೆನಪಿಸಿ. ಇಲ್ಲದಿದ್ದರೆ ಅದು ಲಗೇಜ್ ಬೆಲ್ಟಿಗೆ ಹೋಗುತ್ತದೆ, ನೀವು ಆಸರೆಯಿಲ್ಲದ ಕುರ್ಚಿಯಲ್ಲಿ ವಾಲಿಕೊಂಡು ಕಾಯಬೇಕಾಗುತ್ತದೆ.

ಸೀಟಿಗೆ ಎತ್ತಿ ಕೂರಿಸುವಾಗ ಏನು ತಪ್ಪಾಗುತ್ತದೆ?

ಎತ್ತುವವರು ನಿಮ್ಮನ್ನು ಮೊದಲ ಬಾರಿ ನೋಡುತ್ತಿರುತ್ತಾರೆ, ಅವಸರದಲ್ಲಿರುತ್ತಾರೆ. ಅವರು ಕೈ ಹಾಕುವ ಮೊದಲೇ ಮಾತಾಡಿ. ಹಿಂದೆ ನಿಲ್ಲುವವರು ಕಂಕುಳ ಕೆಳಗಿನಿಂದ ಕೈ ತೂರಿಸಿ, ನಿಮ್ಮ ಎದೆಯ ಮುಂದೆ ಮಡಚಿದ ಮುಂಗೈಗಳನ್ನು ಹಿಡಿಯಬೇಕು. ಮುಂದಿನವರು ತೊಡೆಯ ಕೆಳಗೆ ಹಿಡಿಯಬೇಕು. ತೋಳು ಹಿಡಿದು ಎಳೆಯಬಾರದು, ಹಿಡಿತವಿಲ್ಲದ ಭುಜದ ಕೀಲು ಜಾರುತ್ತದೆ. ಎಣಿಸುವವರು ಒಬ್ಬರೇ ಇರಲಿ, ಆ ಒಬ್ಬರು ನೀವೇ ಆದರೆ ಚೆಂದ.

ದಾರಿಬದಿಯ ಸೀಟಿನ ಕೈಯಾಸರೆ ಮೇಲೇಳುವುದಿಲ್ಲ ಎಂದು ಸಿಬ್ಬಂದಿಯೇ ಹೇಳುವುದುಂಟು. ಬಹಳಷ್ಟು ಸೀಟುಗಳಲ್ಲಿ ಅದರ ತಳದಲ್ಲಿ, ತಿರುಗಣೆಯ ಹತ್ತಿರ ಸಣ್ಣ ಗುಂಡಿ ಅಥವಾ ಲಿವರ್ ಅಡಗಿರುತ್ತದೆ, ಬೆರಳಾಡಿಸಿ ಒತ್ತಿದರೆ ಏಳುತ್ತದೆ. ಅದನ್ನು ಎತ್ತದೆ ನಿಮ್ಮನ್ನು ಅದರ ಮೇಲಿಂದ ದಾಟಿಸಿದರೆ ಪೃಷ್ಠ ತಾಗಿ ಗಾಯವಾಗುವುದು ಖಂಡಿತ. ಹಿಡಿಕೆಗಳಿರುವ ಸ್ಲಿಂಗ್ ಮೈಕೆಳಗೆ ಮೊದಲೇ ಹಾಸಿಕೊಂಡಿದ್ದರೆ ಕೆಲಸ ಅರ್ಧ ಹಗುರ, ಆದರೆ ಹಾರಾಟದುದ್ದಕ್ಕೂ ಅದರ ಮಡಿಕೆಗಳ ಮೇಲೆ ಕೂರಬೇಡಿ.

ವಿಮಾನದಲ್ಲಿ ಕುಶನ್ ಬಳಸಬಹುದೇ?

ಬಳಸಲೇಬೇಕು. ಗಾಳಿ ತುಂಬಿದ ಕುಶನ್‌ಗೆ ಮಾತ್ರ ಒಂದು ಎಚ್ಚರಿಕೆ ಇದೆ. ಕ್ಯಾಬಿನ್ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ, ಒಳಗಿನ ಗಾಳಿ ಹಿಗ್ಗಿ ಕುಶನ್ ಕಲ್ಲಿನಂತಾಗುತ್ತದೆ. ಮೇಲೇರಿದ ಮೇಲೆ ಸ್ವಲ್ಪ ಗಾಳಿ ಬಿಡಿ. ಜೊತೆಯವರು ಕುಶನ್ ಮತ್ತು ನಿಮ್ಮ ಮೈಯ ನಡುವೆ ಕೈ ತೂರಿಸಿ ಕೂರುವ ಮೂಳೆಯನ್ನು ಹುಡುಕಲಿ. ಮೂಳೆಗೂ ಕುಶನ್ ತಳಕ್ಕೂ ನಡುವೆ ಒಂದೂವರೆಯಿಂದ ಎರಡೂವರೆ ಸೆಂ.ಮೀ. ಅಂತರ ಇರಬೇಕು. ಅಪಾಯ ಇರುವುದು ಇಳಿದ ಮೇಲೆ. ಬಿಟ್ಟ ಗಾಳಿಯನ್ನು ಮತ್ತೆ ತುಂಬದಿದ್ದರೆ ಮೂಳೆ ನೇರ ತಳಕ್ಕೆ ತಾಗುತ್ತದೆ. ಪಂಪ್ ಕೈಚೀಲದಲ್ಲಿರಲಿ. ಬೆಟ್ಟದ ಊರಿಗೆ ರಸ್ತೆಯಲ್ಲಿ ಏರಿಳಿಯುವಾಗಲೂ ಇದೇ ಲೆಕ್ಕ.

ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಮುಂದಕ್ಕೆ ಬಾಗಿಸಿ ಅಥವಾ ಪಕ್ಕಕ್ಕೆ ವಾಲಿಸಿ ಒತ್ತಡ ಇಳಿಸಿ. ಫೋನಿನಲ್ಲಿ ಅಲಾರಂ ಇಡಿ, ಸಿನಿಮಾ ನೋಡುತ್ತ ಕೂತರೆ ಮರೆಯುತ್ತದೆ. ವಿಮಾನ ಇಳಿಯುವಾಗಿನ ಬ್ರೇಕಿಗೆ ಮುಂಡ ಮುಂದಕ್ಕೆ ಮುಗ್ಗರಿಸುತ್ತದೆ, ಪಕ್ಕದವರು ಎದೆಗೆ ಅಡ್ಡ ಕೈ ಹಿಡಿಯಲಿ. ಎದೆಪಟ್ಟಿ ಕಟ್ಟಬಹುದೇ ಎಂದು ಕಂಪನಿಯನ್ನು ಮೊದಲೇ ಕೇಳಿ.

ಮೂತ್ರದ ವಿಷಯ? ನೀರು ಕುಡಿಯುವುದನ್ನು ನಿಲ್ಲಿಸಬಹುದೇ?

ಬೇಡ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಕ್ಯಾಥೆಟರ್ (ಮೂತ್ರ ಹೊರತರುವ ಕೊಳವೆ) ಕಟ್ಟುತ್ತದೆ, ಸೋಂಕು ಬರುತ್ತದೆ, ಮೊದಲೇ ಕಡಿಮೆಯಿರುವ ಬಿ.ಪಿ. ಇನ್ನೂ ಕುಸಿಯುತ್ತದೆ. ಒಳಗೇ ಇರುವ ಕ್ಯಾಥೆಟರ್ ಆದರೆ ಕಾಲಿಗೆ ಕಟ್ಟುವ ಚೀಲಕ್ಕೆ ಎರಡು ಲೀಟರಿನ ರಾತ್ರಿ ಚೀಲ ಜೋಡಿಸಿ ಸೀಟಿನ ಕೆಳಗೆ ಇಡಿ, ಅಥವಾ ಅಗಲ ಬಾಯಿಯ ಮುಚ್ಚಳದ ಬಾಟಲಿಗೆ ಹೊದಿಕೆಯ ಮರೆಯಲ್ಲಿ ಖಾಲಿ ಮಾಡಿ. ನಾಲ್ಕಾರು ಗಂಟೆಗೊಮ್ಮೆ ಕ್ಯಾಥೆಟರ್ ಹಾಕಿ ತೆಗೆಯುವವರು ಏರುವ ಮುಂಚಿನ ಕೊನೆಯ ಗಳಿಗೆಯಲ್ಲಿ ಹಾಕಿಕೊಳ್ಳಬೇಕು. ಮೂತ್ರಕೋಶದಲ್ಲಿ 500 ಮಿ.ಲೀ. ಮೀರಬಾರದು. ಉದ್ದದ ಹಾರಾಟಕ್ಕೆ ತಾತ್ಕಾಲಿಕವಾಗಿ ಒಳಗೇ ಬಿಡುವ ಕ್ಯಾಥೆಟರ್ ಹಾಕಿಸಿಕೊಳ್ಳುವುದನ್ನು ವೈದ್ಯರ ಜೊತೆ ಮಾತಾಡಿ. ಕ್ಯಾಥೆಟರ್ ಬಲೂನಿನಲ್ಲಿ ನೀರಿರುವುದರಿಂದ ಎತ್ತರಕ್ಕೆ ಅದು ಹಿಗ್ಗುವುದಿಲ್ಲ.

ಬೇಕಾದದ್ದಕ್ಕಿಂತ ಒಂದೂವರೆ ಪಟ್ಟು ಕ್ಯಾಥೆಟರ್ ಒಯ್ಯಿರಿ, ಅರ್ಧ ನಿಮ್ಮ ಕೈಚೀಲದಲ್ಲಿ, ಅರ್ಧ ಜೊತೆಯವರದ್ದರಲ್ಲಿ.

ಮಲವಿಸರ್ಜನೆಯ ದಿನಚರಿ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಹಾರಾಟದ ಹಿಂದಿನ ದಿನ ಅದು ಮುಗಿಯುವಂತೆ ಎರಡು ವಾರ ಮೊದಲಿನಿಂದಲೇ ದಿನ ಹೊಂದಿಸಿಕೊಳ್ಳಿ. ಹೊರಡುವ ಬೆಳಿಗ್ಗೆ ಸಪೋಸಿಟರಿ (ಗುದದೊಳಗೆ ಇಡುವ ಔಷಧ) ಬೇಡ, ಅದರ ಉಳಿದ ಕೆಲಸ ಸೆಕ್ಯೂರಿಟಿ ಸಾಲಿನಲ್ಲಿ ನಡೆಯುತ್ತದೆ. ಕಮೋಡ್ ಕುರ್ಚಿ ಸಿಗದ ಕಡೆ ಎಡ ಮಗ್ಗುಲಿಗೆ ಮಲಗಿ, ಕೆಳಗೆ ಹೀರುವ ಹಾಸು ಹಾಕಿ ಮುಗಿಸಬಹುದು; ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿರಿ. ಪ್ಯಾಡ್ ಇಲ್ಲದ ಗಟ್ಟಿ ಕಮೋಡ್ ಮೇಲೆ ಮುಕ್ಕಾಲು ಗಂಟೆ ಕೂತರೆ ಪ್ರವಾಸದ ಉಳಿದ ದಿನಗಳೆಲ್ಲ ಹಾಸಿಗೆಯಲ್ಲೇ.

ದಾರಿಯಲ್ಲಿ ಏಕಾಏಕಿ ತಲೆನೋವು ಬಂದು ಮುಖ ಕೆಂಪೇರಿದರೆ?

ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂದೇ ತಿಳಿದು ಕೆಲಸ ಶುರು ಮಾಡಿ. ಗಾಯ ಟಿ6 (ಎದೆಭಾಗದ ಬೆನ್ನುಹುರಿಯ ಆರನೆಯ) ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿರುವವರಿಗೆ ಇದು ಬರಬಹುದು, ಕ್ವಾಡ್ರಿಪ್ಲೀಜಿಯಾ ಇರುವವರೆಲ್ಲ ಆ ಗುಂಪಿನವರೇ. ಗಾಯದ ಕೆಳಗೆ ಏನೋ ನೋಯುತ್ತಿದೆ ಅಥವಾ ತುಂಬಿದೆ, ಮಿದುಳಿಗೆ ಸುದ್ದಿ ತಲುಪುತ್ತಿಲ್ಲ, ರಕ್ತನಾಳಗಳು ಬಿಗಿದು ಬಿ.ಪಿ. ಏರುತ್ತಿದೆ. ನಿಮ್ಮ ಮಾಮೂಲಿ ಮೇಲಿನ ಬಿ.ಪಿ. 90ರಿಂದ 110 ಇದ್ದರೆ, ಅದರ ಮೇಲೆ 20ರಿಂದ 40 ಏರಿದರೂ ಅಪಾಯದ ಸೂಚನೆ. 130 ಕಂಡು "ನಾರ್ಮಲ್ ಇದೆ" ಎನ್ನುವ ವೈದ್ಯರು ಸಿಗುತ್ತಾರೆ, ಹಾಗಾಗಿ ಮಾಮೂಲಿ ಅಂಕಿಯನ್ನು ಹೋಗುವ ಊರಿನ ಭಾಷೆಯಲ್ಲಿ ಬರೆದ ಕಾರ್ಡ್ ಜೊತೆಗಿರಲಿ.

ಮೊದಲು ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಇಳಿಬಿಡಿ; ಮಲಗಿಸಬೇಡಿ. ಹೊಟ್ಟೆಪಟ್ಟಿ, ಬೆಲ್ಟ್, ಬಿಗಿ ಸಾಕ್ಸ್, ಶೂ ಸಡಿಲಿಸಿ. ಆಮೇಲೆ ಮೂತ್ರದ ಕೊಳವೆಯನ್ನು ಮೇಲಿಂದ ಕೆಳಗೆ ಬೆರಳಿನಲ್ಲಿ ಹಿಂಬಾಲಿಸಿ. ಪ್ರಯಾಣದಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಸೀಟ್ ಬೆಲ್ಟಿನ ಅಡಿ ಮಡಚಿದ ಕೊಳವೆ, ಕಾಲಿಗೆ ಕಟ್ಟಿದ, ತುಂಬಿ ತುಳುಕುವ ಮೂತ್ರಚೀಲ, ತೆರೆಯಲು ಮರೆತ ಕ್ಲಾಂಪ್. ಕಟ್ಟಿದ್ದರೆ ಮೈಬಿಸಿಯಷ್ಟು ಬೆಚ್ಚಗಿನ ಸಲೈನ್ 10ರಿಂದ 15 ಮಿ.ಲೀ. ಮೆಲ್ಲಗೆ ಬಿಡಿ, ಬಾರದಿದ್ದರೆ ಲಿಡೊಕೇನ್ ಜೆಲ್ ಹಾಕಿ ಕ್ಯಾಥೆಟರನ್ನೇ ಬದಲಿಸಿ. ಮೂತ್ರ ಸರಿಯಿದ್ದರೆ ಮಲ, ಆಮೇಲೆ ಚರ್ಮ: ಶೂ ಒಳಗಿನ ಮಡಚಿದ ಬೆರಳು, ತೊಡೆಯಡಿ ಸಿಕ್ಕ ಫೋನ್ ಚಾರ್ಜರ್. ಎರಡರಿಂದ ಐದು ನಿಮಿಷಕ್ಕೊಮ್ಮೆ ಬಿ.ಪಿ. ನೋಡಿ. ಕಾರಣ ಸಿಗದೆ ಬಿ.ಪಿ. 150 ಮುಟ್ಟಿದರೆ ವೈದ್ಯರು ಮೊದಲೇ ಬರೆದುಕೊಟ್ಟ ಔಷಧ ಕೊಡಿ, ತುರ್ತು ಸಹಾಯ ಕರೆಯಿರಿ. ಆ ಔಷಧ ನೈಟ್ರೇಟ್ ಆಗಿದ್ದು, ಇತ್ತೀಚೆಗೆ ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್ ಬಗೆಯ ಮಾತ್ರೆ ತೆಗೆದುಕೊಂಡಿದ್ದರೆ ಮುಜುಗರ ಬಿಟ್ಟು ಹೇಳಲೇಬೇಕು, ಎರಡೂ ಸೇರಿದರೆ ಬಿ.ಪಿ. ಪ್ರಾಣಾಪಾಯದ ಮಟ್ಟಕ್ಕೆ ಕುಸಿಯುತ್ತದೆ. ಬಿ.ಪಿ. ಇಳಿದ ಮೇಲೂ ಎರಡು ಗಂಟೆ ಗಮನವಿಡಿ.

ಬಿಸಿಲಿನ ಊರಿಗೆ ಹೋಗಬಹುದೇ?

ಹೋಗಬಹುದು, ಮಧ್ಯಾಹ್ನ ಒಳಗಿರುವ ಹಾಗಿದ್ದರೆ. ಗಾಯದ ಕೆಳಗೆ ಬೆವರು ಬರುವುದಿಲ್ಲ, ದೇಹ ತನ್ನನ್ನು ತಾನು ತಣಿಸಿಕೊಳ್ಳಲಾರದು. ಸ್ಪ್ರೇ ಬಾಟಲಿಯಲ್ಲಿ ನೀರು, ಬ್ಯಾಟರಿ ಫ್ಯಾನ್, ಕತ್ತಿಗೆ ಒದ್ದೆ ಬಟ್ಟೆ ಇರಲಿ. ಬರಿ ನೀರು ಚಿಮುಕಿಸಿದರೆ ಸಾಲದು, ಗಾಳಿ ತಾಗಿ ಅದು ಆರಿದಾಗಲೇ ತಂಪು. ಬಿಸಿಲಲ್ಲಿ ನಿಲ್ಲಿಸಿದ ಕುರ್ಚಿಯ ಲೋಹದ ಭಾಗ, ಕಾರಿನ ಸೀಟ್ ಬೆಲ್ಟಿನ ಕೊಂಡಿ ಮುಟ್ಟಿ ನೋಡಿಯೇ ಕೂರಿಸಿ. ಚಳಿಯಲ್ಲಿ ಇದರ ತಿರುವುಮುರುವು: ನಡುಕ ಬಾರದೆಯೇ ಮೈ ತಣ್ಣಗಾಗುತ್ತದೆ. ಬಿಸಿನೀರಿನ ಚೀಲ ಕಾಲ ಬಳಿ ಇಡಲೇಬೇಡಿ.

ವ್ಯಾನಿನಲ್ಲಿ ಕುರ್ಚಿಯಲ್ಲೇ ಕೂತು ಹೋಗುವಾಗ?

ಕುರ್ಚಿಯಲ್ಲಿ ಕೂತಾಗ ನೆಲದಿಂದ ನೆತ್ತಿಯವರೆಗಿನ ಎತ್ತರ ಅಳೆದು, ಐದು ಸೆಂ.ಮೀ. ಸೇರಿಸಿ, ವ್ಯಾನಿನ ಬಾಗಿಲ ಎತ್ತರದ ಜೊತೆ ಹೋಲಿಸಿ. ಕುರ್ಚಿ ಮುಂದಕ್ಕೆ ಮುಖ ಮಾಡಿರಬೇಕು. ನಾಲ್ಕು ಪಟ್ಟಿಗಳು ಚೌಕಟ್ಟಿಗೆ ಬೀಳಬೇಕು, ಚಕ್ರಕ್ಕಾಗಲಿ ಕಾಲೊರಗಿಗಾಗಲಿ ಅಲ್ಲ. ಕುರ್ಚಿಯ ಸೊಂಟಪಟ್ಟಿ ಭಂಗಿಗಷ್ಟೇ, ಅಪಘಾತಕ್ಕಲ್ಲ. ವಾಹನದ ಬೆಲ್ಟನ್ನು ಕೈಯಾಸರೆಯ ಒಳಗಿಂದ ತಂದು ಸೊಂಟದ ಮೂಳೆಯ ಮೇಲೆ ಕೂರಿಸಿ. ಕೈಯಾಸರೆಯ ಮೇಲಿಂದ ಹಾಯಿಸಿದ ಬೆಲ್ಟ್ ಇದ್ದೂ ಇಲ್ಲದಂತೆ.

ಕಡಲತೀರ, ಈಜುಕೊಳ?

ಪವರ್ ಕುರ್ಚಿಯನ್ನು ಮರಳಿಗೆ ಇಳಿಸಬೇಡಿ, ಉಪ್ಪುನೀರು ಮೋಟಾರು ಹಾಳುಮಾಡುತ್ತದೆ. ಬಲೂನ್ ಚಕ್ರದ ಕುರ್ಚಿ ಎಷ್ಟೋ ತೀರಗಳಲ್ಲಿ ಸಿಗುತ್ತದೆ, ಆದರೆ ಅದರ ಸೀಟು ಬರಿ ಬಟ್ಟೆ. ನಿಮ್ಮ ಕುಶನ್ ಹಾಕಿ, ಒಂದು ಗಂಟೆಗೆ ಮುಗಿಸಿ. ನೀರಿನಲ್ಲಿ ಕತ್ತಿನ ಫ್ಲೋಟ್ ಜೊತೆಗೆ ಒಬ್ಬರು ತಲೆಯ ಬಳಿ ಸದಾ ಇರಬೇಕು. ಬರಿಗಾಲು ಕೊಳದ ಒರಟು ನೆಲಕ್ಕೆ ಉಜ್ಜಿ ಸಿಪ್ಪೆ ಏಳುತ್ತದೆ, ಸಾಕ್ಸ್ ಹಾಕಿಯೇ ಇಳಿಯಿರಿ.

ಹಡಗು ಪ್ರವಾಸ?

ಸಾಮಾನು ಒಮ್ಮೆ ಇಳಿಸಿದರೆ ಮುಗಿಯಿತು ಎಂಬ ಕಾರಣಕ್ಕೆ ಅನೇಕರಿಗೆ ಇದೇ ಸುಲಭ. ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಯಾವ ಬಂದರಿನಲ್ಲಿ ಹಡಗು ದಡಕ್ಕೆ ತಾಗುತ್ತದೆ, ಎಲ್ಲಿ ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ? ಸಣ್ಣ ದೋಣಿಗೆ ಪವರ್ ಕುರ್ಚಿ ಹತ್ತಿಸುವುದು ವಿರಳ.

ಟ್ರೇಕಿಯಾಸ್ಟಮಿ (ಉಸಿರಾಡಲು ಗಂಟಲಿಗೆ ಹಾಕಿದ ಕೊಳವೆ), ವೆಂಟಿಲೇಟರ್ ಇದ್ದರೆ ಹಾರಬಹುದೇ?

ಹಾರುವವರಿದ್ದಾರೆ, ಆದರೆ ಕ್ಯಾಬಿನ್‌ನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಪರೀಕ್ಷೆ ಮಾಡಿಸಿಯೇ ನಿರ್ಧರಿಸಬೇಕು. ಬ್ಯಾಟರಿ ಹಾರಾಟದ ಅವಧಿಯ ಒಂದೂವರೆ ಪಟ್ಟು ಹೊತ್ತಿಗೆ ಇರಲಿ. ಕೊಳವೆಯ ಸುತ್ತಲಿನ ಗಾಳಿಯ ಕಫ್ ಮೇಲೇರಿದಾಗ ಹಿಗ್ಗಿ ಶ್ವಾಸನಾಳವನ್ನು ಒತ್ತುತ್ತದೆ, ಇಳಿಯುವಾಗ ಕುಗ್ಗಿ ಸೋರುತ್ತದೆ. ಎರಡೂ ಬಾರಿ ಕಫ್ ಒತ್ತಡ ನೋಡಿ, 20ರಿಂದ 30 ಸೆಂ.ಮೀ. ನೀರಿನ ಮಟ್ಟದಲ್ಲಿಡಿ. ಕೈಯಿಂದ ಒತ್ತುವ ಅಂಬು ಬ್ಯಾಗ್ ಮೇಲಿನ ಶೆಲ್ಫಿನಲ್ಲಲ್ಲ, ಮಡಿಲಲ್ಲಿರಲಿ.

ಔಷಧಿಗಳಲ್ಲಿ ಯಾವುದನ್ನು ಮರೆಯಲೇಬಾರದು?

ಸ್ನಾಯುಗಳ ಸೆಳೆತ ತಗ್ಗಿಸುವ ಬ್ಯಾಕ್ಲೊಫೆನ್. ಥಟ್ಟನೆ ನಿಂತರೆ ತೀವ್ರ ಸೆಳೆತ, ಜ್ವರ, ಫಿಟ್ಸ್ ಬರಬಹುದು. ಈ ಔಷಧವನ್ನು ಬೆನ್ನುಹುರಿಗೆ ಬಿಡುವ ಪಂಪ್ ಇರುವವರು ಮರುತುಂಬುವ ದಿನಾಂಕ ಪ್ರವಾಸದ ನಡುವೆ ಬೀಳದಂತೆ ನೋಡಿಕೊಳ್ಳಿ, ಪಂಪಿನ ಕಾರ್ಡ್ ಇಟ್ಟುಕೊಳ್ಳಿ.

ಎಷ್ಟು ಜನ ಜೊತೆಗಿರಬೇಕು?

ಎರಡು ದಿನಕ್ಕೆ ಒಬ್ಬರು ಸಾಕು. ವಾರಕ್ಕೆ ಇಬ್ಬರು. ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವರು ಹಗಲು ವ್ಯಾನ್ ಓಡಿಸಬಾರದು, ಇಷ್ಟನ್ನು ಎಲ್ಲರೂ ಕೂತು ಮೊದಲೇ ಮಾತಾಡಿಕೊಳ್ಳಿ.

ಕುರ್ಚಿ ಮುರಿದು ಬಂದರೆ?

ವಿಮಾನ ನಿಲ್ದಾಣ ಬಿಡುವ ಮುಂಚೆಯೇ ಫೋಟೋ ತೆಗೆದು, ದೂರು ಬರೆಸಿ, ಅದರ ಸಂಖ್ಯೆ ಪಡೆಯಿರಿ. 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಅಂತರರಾಷ್ಟ್ರೀಯ ಹಾರಾಟಗಳಲ್ಲಿ ಹಾನಿಯ ಲಿಖಿತ ದೂರಿಗೆ 7 ದಿನ ಗಡುವು. ಕುರ್ಚಿಯೂ ಲಗೇಜಿನ ಲೆಕ್ಕಕ್ಕೇ ಸೇರಿದರೆ ಪರಿಹಾರದ ಮಿತಿ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ), ಪವರ್ ಕುರ್ಚಿಯ ಬೆಲೆಗೆ ಅದು ಎಲ್ಲಿಗೂ ಸಾಲದು. ಚೆಕ್-ಇನ್ ಹೊತ್ತಿನಲ್ಲೇ ಹೆಚ್ಚಿನ ಮೌಲ್ಯ ಘೋಷಿಸುವ ಅವಕಾಶವನ್ನು ಆ ಒಪ್ಪಂದವೇ ಕೊಡುತ್ತದೆ. ಘೋಷಣೆಯ ಪ್ರತಿ ಇಟ್ಟುಕೊಳ್ಳಿ. ಬೇರೆ ವಿಮೆ ಮಾಡಿಸುವುದಾದರೆ ಮೊದಲಿನಿಂದ ಇರುವ ಆರೋಗ್ಯ ಸ್ಥಿತಿ ಮತ್ತು ಕುರ್ಚಿ ಎರಡೂ ಅದರಲ್ಲಿ ಸೇರಿವೆಯೇ ಓದಿ.

ಮನೆಗೆ ಬಂದ ಮೇಲೆ ಏನು ನೋಡಬೇಕು?

ಅದೇ ರಾತ್ರಿ ಬೆನ್ನಿನ ಕೆಳಭಾಗ, ಪೃಷ್ಠ, ಹಿಮ್ಮಡಿ, ಮೊಣಕೈಗಳನ್ನು ಬೆಳಕಿನಲ್ಲಿ ನೋಡಿಸಿ. ಒತ್ತಿದರೆ ಬಣ್ಣ ಬಿಡದ ಕೆಂಪು ಅಥವಾ ಕಪ್ಪು ಕಲೆ ಇದ್ದರೆ ಅದು ಮಾಯುವವರೆಗೆ ಆ ಭಾಗದ ಮೇಲೆ ಭಾರ ಬೀಳಬಾರದು. ಒಂದೇ ಕಾಲು ಊದಿದ್ದರೆ, ಬೆಚ್ಚಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕದೆ, ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.